ಮನೆಯಲ್ಲಿ ಸಿಗಾರ್ ಮಾಗಿಸುವಿಕೆ: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ

ಕೈಯಿಂದ ಸುತ್ತಿದ ದುಬಾರಿ ಸಿಗಾರನ್ನು ಕೊಂಡ ಕೂಡಲೇ ಸೇದದೆ, ತೇವ ಮತ್ತು ತಾಪ ಹತೋಟಿಯಲ್ಲಿರುವ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟು ಅದರ ರುಚಿ ಹದಗೊಳ್ಳಲು ಬಿಡುವುದೇ ಸಿಗಾರ್ ಮಾಗಿಸುವಿಕೆ. ಹೀಗೆ ಇಡುವ ಪೆಟ್ಟಿಗೆಗೆ ಹ್ಯೂಮಿಡಾರ್ ಎಂದು ಹೆಸರು. ಗಾಢ ರುಚಿಯ, ಚೆನ್ನಾಗಿ ಸುತ್ತಿದ, ಹಸಿತನ ಇನ್ನೂ ಪೂರ್ತಿ ಕಳೆಯದ ಸಿಗಾರ್ ಇದರಿಂದ ಮೃದುವಾಗುತ್ತದೆ. ಮೊದಲೇ ಸೌಮ್ಯವಾದದ್ದು ಸಪ್ಪೆಯಾಗುತ್ತದೆ. ಕಳಪೆ ಎಲೆಯ ಸಿಗಾರ್ ಎಷ್ಟು ವರ್ಷ ಇಟ್ಟರೂ ಕಳಪೆಯಾಗಿಯೇ ಉಳಿಯುತ್ತದೆ. ಮುಂಬಯಿಯ ಆಸುಪಾಸಿನ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಮಾತ್ರ ರುಚಿಯ ಮಾತು ಎರಡನೆಯದು. ಸಿಗಾರ್ ಒಂದು ಮಳೆಗಾಲವನ್ನು ದಾಟೀತೇ ಎಂಬುದು ಮೊದಲನೆಯದು.

ಮಾಗುವ ಕೆಲಸದ ದೊಡ್ಡ ಪಾಲು ಮನೆಗೆ ಬರುವ ಮುನ್ನವೇ ಮುಗಿದಿರುತ್ತದೆ. ಕೊಯ್ದ ಹೊಗೆಸೊಪ್ಪನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ಆರೇಳು ವಾರ ತೂಗುಹಾಕಿದಾಗ ಹಸಿರು ಹೋಗಿ ಕಂದು ಬಣ್ಣ ಬರುತ್ತದೆ. ಆಮೇಲೆ ಎಲೆಗಳನ್ನು ದೊಡ್ಡ ಮೆದೆಯಾಗಿ ಒಟ್ಟುತ್ತಾರೆ. ಮೆದೆಯೊಳಗೆ ತಾನಾಗಿ ಬಿಸಿ ಹುಟ್ಟಿ ಹುದುಗುವಿಕೆ ಶುರುವಾಗುತ್ತದೆ. ಬಿಸಿ ಮಿತಿಮೀರದಂತೆ ಆಗಾಗ ಮೆದೆ ಕಿತ್ತು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕಿ ಮತ್ತೆ ಒಟ್ಟುತ್ತಾರೆ. ಈ ಹಂತದಲ್ಲಿ ಅಮೋನಿಯಾ ಹೊರಬೀಳುತ್ತದೆ, ನಿಕೋಟಿನ್ ಸ್ವಲ್ಪ ತಗ್ಗುತ್ತದೆ, ಎಲೆಯ ಕ್ಯಾರೋಟಿನಾಯ್ಡ್‌ಗಳು ಒಡೆದು ತಂಬಾಕಿನ ಪರಿಚಿತ ಪರಿಮಳಕ್ಕೆ ಕಾರಣವಾದ ರಾಸಾಯನಿಕಗಳು ಹುಟ್ಟುತ್ತವೆ. ಕ್ಯೂಬಾದ ಕೊಹಿಬಾ ಬ್ರ್ಯಾಂಡ್ ತನ್ನ ಕೆಲವು ಎಲೆಗಳನ್ನು ಮೂರನೆಯ ಬಾರಿಯೂ ಹುದುಗಿಸುತ್ತದೆ. ಇದರ ಬಳಿಕ ಎಲೆ ವರ್ಷಗಟ್ಟಲೆ ಪಿಂಡಿಯಲ್ಲಿರುತ್ತದೆ. ಸುತ್ತಿದ ಸಿಗಾರ್ ಕಾರ್ಖಾನೆಯ ಕೋಣೆಯಲ್ಲೂ ಕೆಲಕಾಲ ವಿಶ್ರಮಿಸುತ್ತದೆ.

ಮನೆಯ ಪೆಟ್ಟಿಗೆಯಲ್ಲಿ ನಡೆಯುವುದು ಈ ಕ್ರಿಯೆಯ ಬಾಲ ಮಾತ್ರ. ಉಳಿದ ಅಮೋನಿಯಾ ಹೊರಹೋಗುತ್ತದೆ. ಒಳತುಂಬಿನ ಎಲೆ, ಅದನ್ನು ಕಟ್ಟಿಹಿಡಿಯುವ ಎಲೆ, ಹೊರಗಿನ ರ್‍ಯಾಪರ್ ಈ ಮೂರರ ತೇವ ಒಂದೇ ಮಟ್ಟಕ್ಕೆ ಬಂದು ಸಿಗಾರ್ ಸಮವಾಗಿ ಉರಿಯುತ್ತದೆ. ಆಮ್ಲಜನಕ ನಿಧಾನವಾಗಿ ಎಲೆಯ ಒಗರನ್ನು ತಗ್ಗಿಸುತ್ತದೆ. ಇಷ್ಟು ಲಾಭ. ಆದರೆ ಪರಿಮಳದ ಎಣ್ಣೆಗಳೂ ಇದೇ ವೇಳೆಯಲ್ಲಿ ಆವಿಯಾಗುತ್ತಿರುತ್ತವೆ, ಆ ನಷ್ಟವನ್ನು ತುಂಬುವ ದಾರಿಯಿಲ್ಲ. ಮಾಗಿಸುವುದೆಂದರೆ ಒಗರು ಹೋಗುವುದಕ್ಕೂ ಪರಿಮಳ ಹೋಗುವುದಕ್ಕೂ ನಡುವಿನ ಪೈಪೋಟಿ. ಸೌಮ್ಯ ಸಿಗಾರ್‌ನಲ್ಲಿ ಕಳೆಯಬೇಕಾದ ಒಗರೇ ಕಡಿಮೆ, ಆದ್ದರಿಂದ ಅದು ಬೇಗ ಸೋಲುತ್ತದೆ.

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಬರಹಗಾರ ಮಿನ್ ರಾನ್ ನೀ. ಕ್ಯೂಬಾ ಕ್ರಾಂತಿಯ ನಂತರದ ಹವಾನಾ ಸಿಗಾರ್‌ಗಳ ಕುರಿತ ಆತನ ಸಚಿತ್ರ ವಿಶ್ವಕೋಶ 2003ರಲ್ಲಿ ಬಂತು. ಹೊಸ ಸಿಗಾರ್ ಮೊದಲು ಅಮೋನಿಯಾ ವಾಸನೆಯ ‘ಕಾಯಿಲೆಯ ಅವಧಿ’ಯನ್ನು ದಾಟಿ, ಅನಂತರ ಒಂದರ ಹಿಂದೊಂದು ಮೂರು ಮಾಗುವಿಕೆಗಳನ್ನು ಕಾಣುತ್ತದೆ ಎಂಬುದು ಆತನ ವಾದ. ಮೊದಲ ಹಂತದ ಮಾತು ಯಾರ ಮೂಗಿಗೂ ತಿಳಿಯುವಂಥದ್ದು. ಅಮೋನಿಯಾದ ಘಾಟು ಬಹುಮಟ್ಟಿಗೆ ಮೊದಲ ವರ್ಷದಲ್ಲೇ ಇಳಿಯುತ್ತದೆ. ಮುಂದಿನ ಹಂತಗಳ ಆಧಾರ ಪಳಗಿದ ನಾಲಿಗೆಯೊಂದರ ದೀರ್ಘ ಅನುಭವ. ಅದಕ್ಕೆ ಬೆಲೆಯುಂಟು, ಪ್ರಯೋಗಶಾಲೆಯ ಅಳತೆಯ ಜಾಗದಲ್ಲಿ ಅದನ್ನು ಕೂರಿಸುವುದು ಸರಿಯಲ್ಲ.

ನಾಲಿಗೆಗೆ ನಿರೀಕ್ಷೆಯ ಬಣ್ಣವೂ ಹತ್ತುತ್ತದೆ. 2008ರಲ್ಲಿ ಸಂಶೋಧಕಿ ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರು ಒಂದೇ ವೈನನ್ನು 10 ಡಾಲರಿನದೆಂದೂ 90 ಡಾಲರಿನದೆಂದೂ ಹೇಳಿ ಕುಡಿಸಿದಾಗ, ಹೆಚ್ಚು ಬೆಲೆ ಹೇಳಿದ್ದೇ ಹೆಚ್ಚು ರುಚಿಸಿತು. ಮಿದುಳಿನ ಸ್ಕ್ಯಾನಿನಲ್ಲೂ ಆ ವ್ಯತ್ಯಾಸ ಕಂಡಿತು. ಐದು ವರ್ಷ ಕಾಯ್ದಿಟ್ಟ ಸಿಗಾರನ್ನು ಹಚ್ಚುವವನ ಸ್ಥಿತಿಯೂ ಭಿನ್ನವಲ್ಲ. ಪೆಟ್ಟಿಗೆಯಲ್ಲಿಟ್ಟ ಹಳೆಯದನ್ನೂ ಅದೇ ಬ್ರ್ಯಾಂಡಿನ ಹೊಸದನ್ನೂ ಉಂಗುರದ ಪಟ್ಟಿ ತೆಗೆದು, ಯಾವುದು ಯಾವುದೆಂದು ತಿಳಿಯದವರ ಕೈಗೆ ಕೊಟ್ಟಾಗಲಷ್ಟೇ ವ್ಯತ್ಯಾಸದ ಮಾತಿಗೆ ತೂಕ ಬರುತ್ತದೆ.

ಸಿಗಾರಿಗೆ ಹಿತವೆಂದು ಎಲ್ಲೆಡೆ ಒಪ್ಪಿರುವ ಹವೆ 18ರಿಂದ 21 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ತೇವ ಶೇಕಡ 65ರಿಂದ 70. ಥಾಣೆ ಕೊಲ್ಲಿಯ ಎರಡು ದಡಗಳಲ್ಲಿ ಇಂಥ ಹವೆ ತಾನಾಗಿ ಸಿಗುವುದು ವರ್ಷದಲ್ಲಿ ಕೆಲವೇ ರಾತ್ರಿ. ಜುಲೈ, ಆಗಸ್ಟ್‌ಗಳಲ್ಲಿ ತೇವ ಶೇಕಡ 80ರಿಂದ 90ರ ನಡುವೆ ನಿಂತುಬಿಡುತ್ತದೆ, ರಾತ್ರಿಯ ತಾಪವೂ 25ರ ಆಸುಪಾಸಿನಲ್ಲೇ ಇರುತ್ತದೆ. ಚಪ್ಪಲಿಗೆ, ಪರ್ಸಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ಬರಿಯ ಮರದ ಪೆಟ್ಟಿಗೆಯಲ್ಲಿಟ್ಟ ಸಿಗಾರ್ ಉಬ್ಬಿ, ರ್‍ಯಾಪರ್ ಬಿರಿಯುತ್ತದೆ. ಕಡಲಿನಿಂದ ಒಳಕ್ಕಿರುವ, ಉಲ್ಲಾಸ ನದಿಯ ಬದಿಯ ಕಲ್ಯಾಣ್, ಡೊಂಬಿವಲಿಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಮೇಲಂತಸ್ತಿನ ಫ್ಲ್ಯಾಟಿನ ಅಟ್ಟ ಇನ್ನೂ ಕಾಯುತ್ತದೆ. ಡಿಸೆಂಬರ್ ಜನವರಿಯ ಮಧ್ಯಾಹ್ನಗಳಲ್ಲಿ ಕತೆ ತಿರುವುಮುರುವು: ಒಣಗಾಳಿಗೆ ಅದೇ ಸಿಗಾರ್ ಗರಿಗರಿಯಾಗಿ ಸಿಪ್ಪೆ ಏಳುತ್ತದೆ. ಹವಾನಾದ ಕೋಣೆಯೊಂದರಲ್ಲಿ ಐದು ವರ್ಷದಲ್ಲಿ ಆಗುವ ಬದಲಾವಣೆಯನ್ನು ಈ ಏರಿಳಿತದಲ್ಲಿ ಐದು ವರ್ಷ ಇಟ್ಟದ್ದಕ್ಕೆ ಹೋಲಿಸಲಾಗದು.

ಕಾದಿರುವ ಮತ್ತೊಂದು ಅಪಾಯ ತಂಬಾಕು ದುಂಬಿ, ಶಾಸ್ತ್ರೀಯವಾಗಿ ಲೇಸಿಯೋಡರ್ಮಾ ಸೆರಿಕಾರ್ನೆ. ಎರಡು ಮೂರು ಮಿಲಿಮೀಟರಿನ ಈ ಕಂದು ಹುಳ ಎಲೆಯಲ್ಲಿ ಮೊಟ್ಟೆಯಾಗಿಯೇ ಬಂದಿರಬಹುದು. ಮೊಟ್ಟೆಯಿಂದ ದುಂಬಿಯಾಗಲು 20 ಡಿಗ್ರಿಯಲ್ಲಿ ಸುಮಾರು 120 ದಿನ ಬೇಕು, 37 ಡಿಗ್ರಿಯಲ್ಲಿ 26 ದಿನ ಸಾಕು. ಡೊಂಬಿವಲಿಯ ಬೇಸಿಗೆ ಅದಕ್ಕೆ ಹೇಳಿ ಮಾಡಿಸಿದ ಕಾಲ. ಗುಂಡುಸೂಜಿ ಚುಚ್ಚಿದಂಥ ತೂತು ಸಿಗಾರಿನ ಮೈಮೇಲೆ ಕಂಡರೆ ಒಳಗೆ ಸುರಂಗವೇ ಆಗಿರುತ್ತದೆ. ಅಡುಗೆಮನೆಯ ಡಬ್ಬಿಗಳಿಗೂ ಈ ಹುಳಕ್ಕೂ ಹಳೆಯ ನಂಟು. ಅರಿಸಿನ, ಕೊತ್ತಂಬರಿ ಬೀಜ, ಒಣಶುಂಠಿಯಲ್ಲೂ ಅದು ಬೆಳೆಯುತ್ತದೆ. ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ವರ್ಷದ ಸಾಂಬಾರ ಪದಾರ್ಥ ತಂದು ತುಂಬಿಡುವ ಮನೆಗಳಲ್ಲಿ ಸಿಗಾರ್ ಪೆಟ್ಟಿಗೆಯನ್ನು ಆ ಕಪಾಟಿನಿಂದ ದೂರ ಇಡುವುದು ಒಳ್ಳೆಯದು. ಹೊಸದಾಗಿ ತಂದ ಸಿಗಾರನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಕೆಲವು ದಿನ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿಟ್ಟರೆ ಮೊಟ್ಟೆಗಳು ಸಾಯುತ್ತವೆ. ಆಮೇಲೆ ಅದನ್ನು ಒಂದು ದಿನ ಫ್ರಿಜ್ಜಿಗೆ ಬದಲಿಸಿ ನಿಧಾನವಾಗಿ ಹೊರತರಬೇಕು. ಅವಸರಪಟ್ಟರೆ ರ್‍ಯಾಪರ್ ಒಡೆಯುತ್ತದೆ.

ಸಿಗಾರಿನ ಮೇಲೆ ಕಾಣುವ ಬಿಳಿ ಪುಡಿಯನ್ನು ಮಾಗಿದ್ದಕ್ಕೆ ಗುರುತೆಂದು, ಎಲೆಯ ಎಣ್ಣೆ ಹರಳುಗಟ್ಟಿದ್ದೆಂದು ಹಿಗ್ಗುವವರಿದ್ದಾರೆ. ಮಳೆಗಾಲ ಕಂಡ ಪೆಟ್ಟಿಗೆಯಲ್ಲಿ ಅದನ್ನು ಬೂಷ್ಟೆಂದೇ ಎಣಿಸಬೇಕು. ಭೂತಗನ್ನಡಿಯಲ್ಲಿ ನೂಲಿನಂಥ ಎಳೆಗಳು ಕಂಡರೆ, ಮುಗ್ಗಲು ವಾಸನೆ ಬಂದರೆ, ಬೆಂಕಿ ಹಚ್ಚುವ ತುದಿಯಲ್ಲೂ ಬಿಳುಪು ಇಳಿದಿದ್ದರೆ ಅನುಮಾನವೇ ಇಲ್ಲ. ತೇವ ಶೇಕಡ 75 ದಾಟಿ ನಿಂತಲ್ಲಿ ಬೂಷ್ಟಿನ ಭಯ ಏರುತ್ತಲೇ ಹೋಗುತ್ತದೆ. ಹಳೆ ಅಕ್ಕಿಯ ಅನ್ನ ಉದುರುದುರಾಗಿ ರುಚಿಸುವುದು ನಿಜ, ಆದರೆ ಮುಗ್ಗಿದ ಅಕ್ಕಿಯನ್ನು ಹಳೆ ಅಕ್ಕಿ ಎಂದು ಯಾರೂ ಬಡಿಸುವುದಿಲ್ಲ.

ಇಲ್ಲಿ ಅಲಂಕಾರದ ಮರದ ಪೆಟ್ಟಿಗೆಗಿಂತ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೇ ಹೆಚ್ಚು ಕಾಲ ಕಾಯುತ್ತದೆ. ತೇವವನ್ನು ಕೊಡುವುದರ ಜೊತೆಗೆ ಹೀರಿಕೊಳ್ಳುವ ಉಪ್ಪುದ್ರಾವಣದ ಪೊಟ್ಟಣವನ್ನು ಅದರೊಳಗೆ ಹಾಕುತ್ತಾರೆ. ಬೊವೇಡಾ ಎಂಬ ಹೆಸರಿನಲ್ಲಿ ಸಿಗುವ ಇವು 65, 69, 72 ಮುಂತಾದ ಮಟ್ಟಗಳಲ್ಲಿ ಬರುತ್ತವೆ. ಬಿಸಿಹವೆಯಲ್ಲಿ 65ರದ್ದೇ ಕ್ಷೇಮ. ನೀರಿನ ಸ್ಪಂಜು ತೇವ ಕೊಡಬಲ್ಲದೇ ಹೊರತು ಹಿಂದಕ್ಕೆ ಪಡೆಯಲಾರದು, ಹಾಗಾಗಿ ಆಷಾಢದಲ್ಲಿ ಅದು ಶತ್ರು. ತೇವಮಾಪಕ ಸರಿಯಿದೆಯೇ ಎಂದು ತಿಳಿಯಲು ಅಡುಗೆ ಉಪ್ಪು ಸಾಕು: ಒದ್ದೆ ಮಾಡಿದ ಒಂದು ಮುಚ್ಚಳ ಉಪ್ಪಿನೊಂದಿಗೆ ಮಾಪಕವನ್ನು ಬಿಗಿಯಾದ ಚೀಲದಲ್ಲಿ ಒಂದು ರಾತ್ರಿ ಇಟ್ಟರೆ ಅದು 75 ತೋರಿಸಬೇಕು. ತಾಪದ ಸಮಸ್ಯೆ ಇನ್ನೂ ಕಠಿಣ. ಮಾಮೂಲಿ ಫ್ರಿಜ್ ಸಿಗಾರನ್ನು ಒಣಗಿಸುತ್ತದೆ, ಬೆಳ್ಳುಳ್ಳಿ ವಾಸನೆಯನ್ನೂ ಹಚ್ಚುತ್ತದೆ. ಎಸಿ ಮಲಗುವ ಕೋಣೆ ರಾತ್ರಿ ತಂಪು, ಹಗಲು ಕಾವು. ವೈನ್ ಇಡುವ ಚಿಕ್ಕ ಫ್ರಿಜ್ 18 ಡಿಗ್ರಿಯನ್ನು ಕಾಯ್ದುಕೊಳ್ಳುತ್ತದೆ, ಆದರೆ 30 ಡಿಗ್ರಿ, ಶೇಕಡ 85 ತೇವದ ಜುಲೈ ಗಾಳಿ ಸುಮಾರು 27 ಡಿಗ್ರಿಯಲ್ಲೇ ನೀರಾಗುವುದರಿಂದ, ಬಾಗಿಲು ತೆರೆದಾಗಲೆಲ್ಲ ಒಳಗೆ ಹನಿ ಕಟ್ಟುತ್ತದೆ. ಸಿಗಾರ್ ಅಲ್ಲಿಯೂ ಮುಚ್ಚಿದ ಡಬ್ಬಿಯೊಳಗೇ ಇರಬೇಕು.

ಹ್ಯೂಮಿಡಾರಿನ ಒಳಮೈಗೆ ಹಾಕುವ ಸ್ಪ್ಯಾನಿಷ್ ಸೀಡರ್ ನಿಜವಾದ ದೇವದಾರು ಅಲ್ಲ. ಮಹಾಗನಿ ಕುಟುಂಬದ ಸೆಡ್ರೆಲಾ ಒಡೊರಾಟಾ ಅದು. ಪಶ್ಚಿಮ ಘಟ್ಟದ ತೂನ್ ಮರ, ಕನ್ನಡದ ಗಂಧಗರಿಗೆ, ಅದರ ಹತ್ತಿರದ ನೆಂಟ. ಹಿಂದೆ ತೂನ್ ಹಲಗೆಯಿಂದ ಚಹಾ ಪೆಟ್ಟಿಗೆಗಳನ್ನೂ ಸಿಗಾರ್ ಪೆಟ್ಟಿಗೆಗಳನ್ನೂ ಮಾಡುತ್ತಿದ್ದರು.

ಕರ್ನಾಟಕದ ಹೊಗೆಸೊಪ್ಪಿನ ನಾಡಿಗೆ ಈ ಹವ್ಯಾಸದೊಂದಿಗೆ ನೇರ ಸಂಬಂಧ ಕಡಿಮೆ. ಹುಣಸೂರು, ಪಿರಿಯಾಪಟ್ಟಣಗಳದು ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸುವ ಸಿಗರೇಟಿನ ವರ್ಜೀನಿಯಾ, ನಿಪ್ಪಾಣಿಯದು ಬಿಸಿಲಲ್ಲಿ ಒಣಗಿಸುವ ಬೀಡಿ ತಂಬಾಕು. ಭಾರತದ ಸಿಗಾರ್ ಎಲೆಯ ನೆಲೆ ತಮಿಳುನಾಡಿನ ದಿಂಡಿಗಲ್ ಮತ್ತು ವೇದಸಂದೂರು ಸೀಮೆ. ಹೊರಸುತ್ತಿನ ಎಲೆಗೆ ಬಂಗಾಳದ ದಿನ್ಹಾಟಾ. ತಿರುಚಿನಾಪಳ್ಳಿಯ ಚುಟ್ಟಾ 1887ರಲ್ಲೇ ಷೆರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಸುಳಿವಾಗಿ ಬಂದಿತ್ತು. ಇಂಥ ಒಣ ಚುಟ್ಟಾಗಳಿಗೆ ಹ್ಯೂಮಿಡಾರ್ ಬೇಕಿಲ್ಲ, ಇಟ್ಟರೆ ಲಾಭವೂ ಇಲ್ಲ. ನವಿ ಮುಂಬಯಿ, ಥಾಣೆಗಳ ಮನೆಗಳಿಗೆ ಕ್ಯೂಬಾ, ಡೊಮಿನಿಕನ್ ಸಿಗಾರ್ ತಲಪುವ ಒಂದು ದಾರಿ ವಿದೇಶದಿಂದ ಬರುವ ನೆಂಟರ ಚೀಲ. 2016ರ ಬ್ಯಾಗೇಜ್ ನಿಯಮಗಳು ಒಬ್ಬ ಪ್ರಯಾಣಿಕನಿಗೆ ಸುಂಕವಿಲ್ಲದೆ ಅನುಮತಿಸಿದ್ದು 25 ಸಿಗಾರ್. ಅಷ್ಟು ಸಣ್ಣ ಸಂಗ್ರಹಕ್ಕೆ ದಶಕದ ಯೋಜನೆಗಿಂತ ಆರು ತಿಂಗಳಿಂದ ಒಂದು ವರ್ಷದ ವಿಶ್ರಾಂತಿಯೇ ತಕ್ಕದ್ದು. ಅಮೋನಿಯಾ ಇಳಿಯಲು ಅದು ಸಾಕು, ಎರಡನೆಯ ಮಳೆಗಾಲದ ಅಪಾಯವೂ ತಪ್ಪುತ್ತದೆ.

ಹೊಗೆ ಮೃದುವಾದಷ್ಟೂ ಕೆಡುಕು ಕಡಿಮೆ ಎಂಬ ನಂಬಿಕೆಗೆ ಆಧಾರವಿಲ್ಲ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಅದರ ಹೊಗೆ ಕ್ಷಾರೀಯವಾದ್ದರಿಂದ ಒಳಗೆಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತ ಸೇರುತ್ತದೆ; ಆ ಹೊಗೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ದಾರಿಯಾಗುತ್ತದೆ. ತಂಬಾಕಿನದೇ ಆದ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳನ್ನು ಭಾರತೀಯ ತಂಬಾಕು ಬಳಕೆದಾರರಲ್ಲಿ ಅಳೆದ ಸಂಸ್ಥೆಗಳಲ್ಲಿ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಒಂದು. ಅದರ ಮುಂದುವರಿಕೆಯೇ ಇಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಸಂಸ್ಥೆ. ಈ ನೈಟ್ರೋಸಮೀನ್‌ಗಳು ಎಲೆ ಹಳತಾದಂತೆ ಕರಗಿಹೋಗುವುದಿಲ್ಲ. ದಾಸ್ತಾನಿಟ್ಟ ಬರ್ಲಿ ಎಂಬ ಬಗೆಯ ತಂಬಾಕಿನ ಮೇಲೆ ನಡೆದ ಅಧ್ಯಯನಗಳಲ್ಲಿ, ಬಿಸಿ ಹೆಚ್ಚಿದಷ್ಟೂ ಅವು ಹೆಚ್ಚಾದದ್ದು ಕಂಡಿದೆ.