ಬಂದರೂರಿನಲ್ಲೂ ಹೊಳೆಯೂರಿನಲ್ಲೂ ದೊಡ್ಡ ಕ್ಯಾಮೆರಾ

ದೊಡ್ಡ ಕ್ಯಾಮೆರಾ ಹೊತ್ತು ಬೀದಿಗಿಳಿದವರನ್ನು ಜನ ನೋಡುವ ಬಗೆ ಊರಿನಿಂದ ಊರಿಗೆ ಬೇರೆ. ವಿಜಯವಾಡದ ಕೃಷ್ಣಾ ದಂಡೆಯಲ್ಲಿ ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಿದರೆ ಬರುವ ಪ್ರಶ್ನೆ ‘ಏ ಪೇಪರ್ ಅಂಡಿ?’ ಇಲ್ಲವೇ ‘ಏ ಚಾನೆಲ್?’. ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ವಿಶಾಖಪಟ್ಟಣದಲ್ಲಿ ಬಂದರಿನ ಕಡೆಗೆ ಲೆನ್ಸ್ ತಿರುಗಿಸಿದವರಿಗೆ ಎದುರಾಗುವುದು ‘ಪರ್ಮಿಷನ್ ಉಂದಾ?’. ಬೆಂಗಳೂರು, ಮೈಸೂರುಗಳಲ್ಲಿ ‘ಪೇಪರ್‌ನೋರಾ ಸಾರ್?’ ಎಂದು ಕೇಳುವವರೂ ಹೆಚ್ಚುಕಡಿಮೆ ಇದೇ ಸಾಲಿನವರು. ಮಾತು ಯಾವುದೇ ಇರಲಿ, ಅವರಿಗೆ ಬೇಕಾದ ಉತ್ತರ ಒಂದೇ: ಈ ಯಂತ್ರದ ಹಿಂದೆ ಇರುವವರು ಯಾರು? ಸರ್ಕಾರವೋ, ಪತ್ರಿಕೆಯೋ, ಸಿನಿಮಾ ಕಂಪನಿಯೋ, ಶತ್ರುದೇಶವೋ? ಕಳೆದ 170 ವರ್ಷಗಳಲ್ಲಿ ಈ ಉತ್ತರ ಹಲವು ಸಲ ಬದಲಾಗಿದೆ.

ಮೊದಮೊದಲು ಯಂತ್ರದ ಹಿಂದೆ ಇದ್ದದ್ದು ಸರ್ಕಾರವೇ. ವಿಶಾಖಪಟ್ಟಣ, ಆಗ ಬೆಜವಾಡ ಎನಿಸಿಕೊಂಡಿದ್ದ ವಿಜಯವಾಡ, ನಮ್ಮ ಬಳ್ಳಾರಿ, ಮಂಗಳೂರುಗಳೆಲ್ಲ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದ ಕಾಲ ಅದು. ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಇನ್ನೊಬ್ಬ ಸೇನಾಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಹಂಪಿಯ ಗುಡಿಗೋಪುರಗಳನ್ನು ಭಾರಿ ಗಾತ್ರದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. 1856ರಲ್ಲಿ ಮದರಾಸಿನಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಅದೇ ವರ್ಷ ಟ್ರೈಪ್ ಪ್ರಾಂತ್ಯದ ಅಧಿಕೃತ ಛಾಯಾಗ್ರಾಹಕನಾದ. ಆಗಿನ ಕ್ಯಾಮೆರಾ ದೊಡ್ಡದಾಗಿದ್ದದ್ದು ಆಡಂಬರಕ್ಕಲ್ಲ. ನೆಗೆಟಿವನ್ನು ಹಿಗ್ಗಿಸಿ ಅಚ್ಚು ಹಾಕುವುದು ವಾಡಿಕೆಯಲ್ಲಿರಲಿಲ್ಲ. ಪಟ ಒಂದು ಮೊಳ ಬೇಕೆಂದರೆ ನೆಗೆಟಿವೂ ಒಂದು ಮೊಳ, ಅದನ್ನು ಹಿಡಿಸುವ ಪೆಟ್ಟಿಗೆ ಅದಕ್ಕಿಂತಲೂ ದೊಡ್ಡದು.

1851ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಹಸಿ ಗಾಜುಫಲಕದ ವಿಧಾನ ಬಂದ ಮೇಲೆ ಸಾಮಾನು ಇನ್ನಷ್ಟು ಬೆಳೆಯಿತು. ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರಾವಣ ಹೊಯ್ದು, ನಾಲ್ಕೂ ಮೂಲೆಗೆ ಹರಿಯುವಂತೆ ಓಲಾಡಿಸಿ, ಕತ್ತಲೆಯಲ್ಲಿ ಬೆಳ್ಳಿಯ ಲವಣದಲ್ಲಿ ಅದ್ದಿ, ತೊಟ್ಟಿಕ್ಕುತ್ತಿರುವಾಗಲೇ ಕ್ಯಾಮೆರಾಕ್ಕೆ ಸೇರಿಸಬೇಕು. ಪಟ ಮೂಡಿದ ಫಲಕ ಒಣಗುವ ಮೊದಲೇ ಮತ್ತೆ ಡೇರೆಗೆ ಓಡಿ ತೊಳೆಯಬೇಕು. ಇದಕ್ಕೆಲ್ಲ ಸಿಗುತ್ತಿದ್ದದ್ದು ಕೆಲವೇ ನಿಮಿಷ. ನಮ್ಮ ಬಿಸಿಲಿಗೆ ಅದೂ ಕಡಿಮೆ. ಹೀಗಾಗಿ ಛಾಯಾಗ್ರಾಹಕನ ಜೊತೆ ಕಪ್ಪು ಡೇರೆ, ಗಾಜಿನ ಪೆಟ್ಟಿಗೆಗಳು, ರಸಾಯನದ ಶೀಷೆಗಳು, ನೀರಿನ ಕೊಡಗಳು, ಅವನ್ನು ಹೊರುವ ಕೂಲಿಗಳು ಎಲ್ಲ ಸೇರಿ ಒಂದು ದಂಡೇ ಬರುತ್ತಿತ್ತು. 1860ರ ದಶಕದಲ್ಲಿ ಕಾಶ್ಮೀರಕ್ಕೆ ಹೋದ ಸ್ಯಾಮ್ಯುಯೆಲ್ ಬೋರ್ನ್‌ನ ಸಾಮಾನು ಹೊರಲು ನಲವತ್ತಕ್ಕೂ ಹೆಚ್ಚು ಜನ ಬೇಕಾದರು. ಊರೊಳಗೆ ಇಂಥ ಮೆರವಣಿಗೆ ಬಂದರೆ ಜನ ಸೇರದೆ ಇರುತ್ತಾರೆಯೇ? ಆದರೆ ಸೇರಿದ ಜನ ಆ ಕಾಲದ ಚಿತ್ರಗಳಲ್ಲಿ ಕಾಣಿಸುವುದು ಅಪರೂಪ. ಬೆಳಕು ಬೀಳಿಸುವ ಹೊತ್ತು ದೀರ್ಘವಾದಷ್ಟೂ ಅಲುಗಾಡಿದವರು ಮಂಜಿನಂತೆ ಮಸುಕಾಗಿ, ನಡೆದುಹೋದವರು ಗುರುತೇ ಇಲ್ಲದಂತೆ ಅಳಿಸಿಹೋಗುತ್ತಿದ್ದರು. ಹಳೇಬೀಡಿನ ಅಂಗಳ ನಿರ್ಜನವಾಗಿ ಕಂಡ ಮಾತ್ರಕ್ಕೆ ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ ಎಂದು ತಿಳಿಯಬೇಕಾಗಿಲ್ಲ.

ಜನರ ಪ್ರತಿಕ್ರಿಯೆ ಬರವಣಿಗೆಯಲ್ಲಿ ಸಿಗುವುದು ಸ್ವಲ್ಪ ತಡವಾಗಿ. ಮದರಾಸು ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಕ್ಯಾಮೆರಾ ಮತ್ತು ಅಳತೆಯ ಉಪಕರಣಗಳೊಂದಿಗೆ ಪ್ರಾಂತ್ಯ ಸುತ್ತಿ, ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳನ್ನು 1909ರಲ್ಲಿ ಹೊರತಂದ. ವಯನಾಡಿನ ಪಣಿಯ ಹೆಂಗಸರು ತನ್ನನ್ನು ಕಂಡೊಡನೆ ಓಡಿಹೋದದ್ದನ್ನು ಅವನೇ ಬರೆದಿದ್ದಾನೆ. ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ, ಹುಲ್ಲು ತುಂಬಿ ಮದರಾಸಿನ ಮ್ಯೂಸಿಯಂನಲ್ಲಿ ನಿಲ್ಲಿಸಲು ಬಂದಿದ್ದಾನೆ ಎಂಬುದು ಅವರ ಭಯ. ಅವನಿಗೆ ಅದು ತಮಾಷೆಯ ಪ್ರಸಂಗ. ಆ ಹೆಂಗಸರ ಊಹೆಯಲ್ಲಿ ನಿಜಾಂಶ ಇತ್ತು: ಅವರನ್ನು ಮಾದರಿಗಳಂತೆ ಜೋಡಿಸಿ ಇಡುವುದೇ ಆ ಕೆಲಸದ ಉದ್ದೇಶವಾಗಿತ್ತು. ಅದೇ ಸಂಪುಟಗಳಲ್ಲಿ ವಿಶಾಖಪಟ್ಟಣ ಜಿಲ್ಲೆಯ ಎಷ್ಟೋ ಸಮುದಾಯಗಳ ವಿವರ ಒದಗಿಸಿದವರು ಮುಂದೆ ಮೈಸೂರು ಗ್ಯಾಸೆಟಿಯರ್ ಸಂಪಾದಿಸಿ ಕನ್ನಡಿಗರಿಗೆ ಪರಿಚಿತರಾದ ಸಿ. ಹಯವದನ ರಾಯರು.

ಪಟ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ಕನ್ನಡ, ತೆಲುಗು ಎರಡೂ ನಾಡುಗಳಲ್ಲಿ ಬಹುಕಾಲ ಇತ್ತು. ದೃಷ್ಟಿಯ ಅಂಜಿಕೆಯೂ ಅದರ ಜೊತೆಗೇ ಹೆಣೆದುಕೊಂಡಿತ್ತು. ಕಟ್ಟುತ್ತಿರುವ ಮನೆಗೆ ಬೂದುಗುಂಬಳ ನೇತು ಹಾಕುವವರು, ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಡುವವರು, ರೆಪ್ಪೆ ಮಿಟುಕಿಸದ ಗಾಜಿನ ಕಣ್ಣನ್ನು ಕಂಡು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ಈ ಅಂಜಿಕೆ ಕರಗಿದ್ದು ಸ್ಟುಡಿಯೊಗಳು ಊರೂರಿಗೆ ಬಂದ ಮೇಲೆ. 1880ರ ದಶಕದಲ್ಲಿ ಒಣ ಫಲಕಗಳು ಮಾರಾಟಕ್ಕೆ ಬಂದು ಕತ್ತಲೆ ಡೇರೆ ಹೊರುವ ಕಷ್ಟ ತಪ್ಪಿತು. 1890ರ ದಶಕದಲ್ಲಿ ಕರಾವಳಿಯ ರೈಲು ಬೆಜವಾಡವನ್ನೂ ಉತ್ತರದ ಜಿಲ್ಲೆಗಳನ್ನೂ ಬೆಸೆಯಿತು. ಮದುವೆ, ಉಪನಯನ, ನಿವೃತ್ತಿ, ಕೊನೆಗೆ ಸಾವಿಗೂ ಫೋಟೊ ಹಿಡಿಸುವ ಪದ್ಧತಿ ಬೇರೂರಿತು.

ಸ್ಟುಡಿಯೊದ ಮರದ ಕ್ಯಾಮೆರಾ ಅಂಗಳಕ್ಕೆ ಬಂದ ದಿನ ಮನೆಯಲ್ಲಿ ಹಬ್ಬ. ಮೂರು ಕಾಲಿನ ಸ್ಟ್ಯಾಂಡು, ಹಿತ್ತಾಳೆಯ ಬಿಗಿಗಳು, ತಿದಿಯಂತೆ ಮಡಚುವ ಚರ್ಮ, ಹಿಂದೆ ಉಜ್ಜಿದ ಗಾಜು. ಛಾಯಾಗ್ರಾಹಕ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರೆ ಆ ಗಾಜಿನ ಮೇಲೆ ಮನೆಮಂದಿಯೆಲ್ಲ ತಲೆಕೆಳಗಾಗಿ ಕಾಣುತ್ತಾರೆ. ಅವನು ಹೊರಬಂದು, ಫಲಕ ಸೇರಿಸಿ, ‘ಅಲ್ಲಾಡಬೇಡಿ’ ಎಂದು ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚುತ್ತಾನೆ. ಹಳೆಯ ಗುಂಪು ಫೋಟೊಗಳಲ್ಲಿ ಹಿರಿಯರ ಮುಖ ಬಿಗಿದುಕೊಂಡಿರುವುದಕ್ಕೆ ಒಂದು ಕಾರಣ ಈ ಉಸಿರು ಹಿಡಿದ ಕ್ಷಣ. 1940ರ ದಶಕದಿಂದ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ತಯಾರಿಸಿದ ‘ವಾಗೀಶ್ವರಿ’ ಎಂಬ ಮರದ ಕ್ಯಾಮೆರಾ ದಕ್ಷಿಣದ ಎಷ್ಟೋ ಸ್ಟುಡಿಯೊಗಳಲ್ಲಿ ದಶಕಗಟ್ಟಲೆ ದುಡಿಯಿತು. ಇದರೊಂದಿಗೆ ದೊಡ್ಡ ಕ್ಯಾಮೆರಾ ಸರ್ಕಾರದ ಕಡೆಯಿಂದ ಮನೆಯವರ ಕಡೆಗೆ ಬಂತು. ಅದರ ಎದುರು ನಿಲ್ಲುವುದು ಗೌರವದ ಮಾತಾಯಿತು.

ವಿಜಯವಾಡದಲ್ಲಿ ಈ ಗೌರವಕ್ಕೆ ಇನ್ನೊಂದು ಬಲ ಸೇರಿತು. ಅದು ಪತ್ರಿಕೆಗಳ ಊರು. ಕಮ್ಯುನಿಸ್ಟ್ ಪಕ್ಷದ ‘ವಿಶಾಲಾಂಧ್ರ’ 1952ರಲ್ಲಿ, ನಾರ್ಲ ವೆಂಕಟೇಶ್ವರ ರಾವ್ ಸಂಪಾದಕತ್ವದ ‘ಆಂಧ್ರಜ್ಯೋತಿ’ 1960ರಲ್ಲಿ ಅಲ್ಲಿಂದಲೇ ಹೊರಟವು. ಸಭೆ, ಮುಷ್ಕರ, ಮೆರವಣಿಗೆಗಳಿಗೆ ಹೆಸರಾದ ಊರಿನಲ್ಲಿ ಕ್ಯಾಮೆರಾ ಎಂದರೆ ನಾಳೆಯ ಪತ್ರಿಕೆ. ವಿಶಾಖಪಟ್ಟಣದಲ್ಲಿ 1974ರ ಆಗಸ್ಟ್ 10ರಂದು ‘ಈನಾಡು’ ಆರಂಭವಾಯಿತು. ಮುಂದೆ ಅದರ ಜಿಲ್ಲಾ ಪುಟಗಳು ಹಳ್ಳಿಯ ಕೊಳವೆಬಾವಿ, ಮುರಿದ ಸೇತುವೆಗಳಿಗೂ ಜಾಗ ಕೊಟ್ಟವು. ಅಪರಿಚಿತ ಛಾಯಾಗ್ರಾಹಕನ ತೋಳು ಹಿಡಿದು ‘ಇದನ್ನೂ ತೆಗೆಯಿರಿ’ ಎಂದು ಒಡೆದ ಚರಂಡಿ ತೋರಿಸುವ ರೂಢಿ ಬೆಳೆದದ್ದು ಹೀಗೆ. 2000ದ ದಶಕದಲ್ಲಿ ದಿನವಿಡೀ ಸುದ್ದಿ ಬಿತ್ತರಿಸುವ ವಾಹಿನಿಗಳು ಬಂದ ಮೇಲೆ ‘ಪೇಪರ್’ ಹೋಗಿ ‘ಚಾನೆಲ್’ ಬಂತು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣವನ್ನು ಅಪ್ಪಳಿಸಿದ ಹುದ್‌ಹುದ್‌ನಂಥ ಚಂಡಮಾರುತದ ಬಳಿಕ ಭುಜದ ಮೇಲಿನ ಕ್ಯಾಮೆರಾ ಎಂದರೆ ದೂರು ಹೇಳಿಕೊಳ್ಳುವ ಜಾಗ. ಹವ್ಯಾಸಕ್ಕೆ ಚಿತ್ರ ತೆಗೆಯುವವರಿಗೆ ಇದು ಇಕ್ಕಟ್ಟಿನ ಸ್ಥಿತಿ: ತಾವು ಯಾವ ಪತ್ರಿಕೆಯವರೂ ಅಲ್ಲ ಎಂದರೆ ಎದುರಿನವರ ಮುಖ ಬಾಡುತ್ತದೆ, ಆ ನಿರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ.

ಸಿನಿಮಾದ ಮಾತು ಬೇರೆ. ಆಂಧ್ರದ ಮೊದಲ ಚಿತ್ರಮಂದಿರವೆಂದು ಹೆಸರಾದ ಮಾರುತಿ ಟಾಕೀಸು 1921ರಲ್ಲಿ ತೆರೆದದ್ದು ವಿಜಯವಾಡದಲ್ಲಿ. ಅಲ್ಲಿನ ಗಾಂಧಿನಗರ ತೆಲುಗು ಚಿತ್ರ ವಿತರಕರ ಕೇರಿ. ವಿಶಾಖಪಟ್ಟಣಕ್ಕೆ ಸಿಕ್ಕಿದ್ದು ಕಡಲು, ಗುಡ್ಡ ಮತ್ತು ಹೊರಾಂಗಣ ಚಿತ್ರೀಕರಣ. ಕೆ. ಬಾಲಚಂದರ್ ಅವರ ‘ಮರೋ ಚರಿತ್ರ’ (1978) ವಿಶಾಖಪಟ್ಟಣ, ಭೀಮಿಲಿಗಳಲ್ಲಿ ಚಿತ್ರಿತವಾಗಿ ಗೆದ್ದ ಮೇಲೆ ಆ ಕಡಲತೀರ ನೋಡುವ ಜಾಗವಾಯಿತು. ಅಂದಿನಿಂದ ತೀರದಲ್ಲಿ ರಿಫ್ಲೆಕ್ಟರ್ ಎತ್ತಿದರೆ ಸಾಕು, ‘ಹೀರೋ ಎವರು?’ ಎಂದು ಹುಡುಗರು ಓಡಿಬರುತ್ತಾರೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಆಗುಂಬೆಗೂ ಇಂಥದ್ದೇ ನೆನಪು ಉಂಟು.

ಆದರೆ ವಿಶಾಖಪಟ್ಟಣದ ಕಡಲಿಗೆ ಇನ್ನೊಂದು ಮುಖವಿದೆ, ದೊಡ್ಡ ಕ್ಯಾಮೆರಾದ ಚರಿತ್ರೆಯಲ್ಲಿ ಅದೇ ಮುಖ್ಯ. 1933ರ ಡಿಸೆಂಬರ್‌ನಲ್ಲಿ ಅಲ್ಲಿನ ಬಂದರು ವಿಧ್ಯುಕ್ತವಾಗಿ ತೆರೆಯಿತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಬಾಂಬು ಹಾಕಿದವು; ಹೆದರಿದ ಜನ ಊರು ಬಿಟ್ಟು ಒಳನಾಡಿಗೆ ನಡೆದರು. 1968ರಲ್ಲಿ ಪೂರ್ವ ನೌಕಾ ಕಮಾಂಡ್ ಅಲ್ಲಿ ನೆಲೆಗೊಂಡಿತು. 1971ರ ಡಿಸೆಂಬರ್ ಮೊದಲ ವಾರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ಬಂದರಿನ ಬಾಯಿಗೆ ಸಮೀಪದಲ್ಲೇ ಮುಳುಗಿತು. ಶತ್ರು ಮನೆಬಾಗಿಲ ತನಕ ಬಂದದ್ದನ್ನು ಎರಡು ಸಲ ಕಂಡ ಊರು, ಕಡಲ ಕಡೆಗೆ ಉದ್ದ ಲೆನ್ಸ್ ಚಾಚಿದವರನ್ನು ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣ ಇಲ್ಲದಿಲ್ಲ.

ಈ ಅನುಮಾನಕ್ಕೆ ಕಾಯಿದೆಯ ಆಸರೆಯೂ ಇದೆ. 1923ರ ಅಧಿಕೃತ ರಹಸ್ಯಗಳ ಕಾಯಿದೆಯಲ್ಲಿ ‘ನಕ್ಷೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಫೋಟೊ ಕೂಡ ಸೇರುತ್ತದೆ. ನೌಕಾಂಗಣ, ಶಸ್ತ್ರಾಗಾರಗಳು ನಿಷಿದ್ಧ ಸ್ಥಳಗಳು. ಅಧಿಸೂಚನೆ ಹೊರಡಿಸಿದರೆ ರೈಲುಮಾರ್ಗ, ರಸ್ತೆಯಂಥವನ್ನೂ ಆ ಪಟ್ಟಿಗೆ ಸೇರಿಸಬಹುದು. ವಿಶಾಖಪಟ್ಟಣದ ವಿಮಾನ ನಿಲ್ದಾಣ ನಡೆದುಬಂದದ್ದು ನೌಕಾಪಡೆಯ ‘ಐಎನ್‌ಎಸ್ ದೇಗಾ’ ನೆಲೆಯ ಒಳಗೆ. ಹೀಗೆ ಊರಿನ ನಡುವೆಯೇ ಗೆರೆಗಳು ಹಾದುಹೋಗಿವೆ, ಆದರೆ ಅವು ಕಣ್ಣಿಗೆ ಕಾಣುವುದಿಲ್ಲ. ಡಾಲ್ಫಿನ್ಸ್ ನೋಸ್ ಗುಡ್ಡವನ್ನು ರಾಮಕೃಷ್ಣ ಬೀಚಿನಲ್ಲಿ ಕಡಲೆ ತಿನ್ನುತ್ತ ಕೂತವರೆಲ್ಲ ನೋಡುತ್ತಾರೆ. ಸ್ಟ್ಯಾಂಡ್ ಮೇಲಿನ ಲೆನ್ಸ್ ಅತ್ತ ತಿರುಗಿದಾಗ ಮಾತ್ರ ಅದು ರಕ್ಷಣಾ ವಲಯ ಎಂಬುದು ದಾರಿಹೋಕರಿಗೂ ನೆನಪಾಗುತ್ತದೆ. ನೌಕಾಪಡೆಯೇ 2002ರಲ್ಲಿ ‘ಕುರ್ಸುರಾ’ ಜಲಾಂತರ್ಗಾಮಿಯನ್ನು ಅದೇ ಬೀಚಿನ ಮರಳಿಗೆ ಎಳೆದು ತಂದು ಮ್ಯೂಸಿಯಂ ಮಾಡಿತು. ಒಂದು ಕಾಲದ ರಹಸ್ಯ ಇಂದು ಎಲ್ಲರ ಫೋಟೊಗಳಿಗೂ ಹಿನ್ನೆಲೆ.

2019ರ ಡಿಸೆಂಬರ್‌ನಲ್ಲಿ ಆಂಧ್ರ ಪೊಲೀಸರ ಗುಪ್ತಚರ ವಿಭಾಗ ಬೇಹುಗಾರಿಕೆಯ ಆರೋಪದ ಮೇಲೆ ವಿಶಾಖಪಟ್ಟಣ, ಮುಂಬೈ, ಕಾರವಾರದ ನೆಲೆಗಳಲ್ಲಿದ್ದ ಏಳು ಮಂದಿ ನೌಕಾ ಸಿಬ್ಬಂದಿಯನ್ನು ಬಂಧಿಸಿತು. ಆರೋಪದ ಕೇಂದ್ರದಲ್ಲಿ ಇದ್ದದ್ದು ಮೊಬೈಲ್ ಮತ್ತು ಸಾಮಾಜಿಕ ಜಾಲತಾಣ. ಆ ತಿಂಗಳ ಕೊನೆಗೆ ನೌಕಾಪಡೆ ತನ್ನ ನೆಲೆಗಳಲ್ಲೂ ಹಡಗುಗಳಲ್ಲೂ ಸ್ಮಾರ್ಟ್‌ಫೋನ್ ನಿಷೇಧಿಸಿತು. ಅಪಾಯ ಅಂಗೈಯಗಲದ ಯಂತ್ರಕ್ಕೆ ಇಳಿದಿದೆ ಎಂದು ಪಡೆ ಒಪ್ಪಿಕೊಂಡ ಗಳಿಗೆ ಅದು. ಬೀದಿಯ ಕಣ್ಣು ಮಾತ್ರ ಇನ್ನೂ ಉದ್ದ ಲೆನ್ಸಿನ ಮೇಲೆಯೇ ಇದೆ.

ಗಾತ್ರವನ್ನೇ ಉದ್ದೇಶವೆಂದು ಓದುವ ಅಭ್ಯಾಸ ಸ್ಮಾರಕಗಳಲ್ಲೂ ಕಾಣುತ್ತದೆ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಟ್ರೈಪಾಡಿಗೆ ಬೇರೆ ಅನುಮತಿ ಬೇಕು. ಕೃಷ್ಣೆಯಾಚೆಯ ಉಂಡವಲ್ಲಿ ಗುಹೆಗಳಲ್ಲಿ, ಹಂಪಿಯ ವಿಜಯ ವಿಠ್ಠಲನ ಅಂಗಳದಲ್ಲಿ ಕಾವಲುಗಾರ ನೂರು ಮೊಬೈಲುಗಳನ್ನು ದಾಟಿ ಬಂದು ಮೂರು ಕಾಲು ಬಿಚ್ಚಿದವರ ಎದುರು ನಿಲ್ಲುತ್ತಾನೆ. ಗ್ರೀನ್‌ಲಾನ ಕಾಲದಲ್ಲಿ ಸ್ಟ್ಯಾಂಡ್ ಇಲ್ಲದೆ ಚಿತ್ರವೇ ಇರಲಿಲ್ಲ. ಈಗ ಅದು ವ್ಯಾಪಾರದ ಗುರುತು. ಮಂದ ಬೆಳಕಿನ ಶಿಲ್ಪವನ್ನು ಶ್ರದ್ಧೆಯಿಂದ ದಾಖಲಿಸಲು ಬಂದವರಿಗೆ ಈ ನಿಯಮ ನಿಜವಾದ ನಷ್ಟ.

ಗಮನ ತಪ್ಪಿಸಿಕೊಳ್ಳಲು ಛಾಯಾಗ್ರಾಹಕರು ಕಂಡುಕೊಂಡ ದಾರಿಗಳೂ ಹಳೆಯವೇ. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೋನ್ ತನ್ನ ಪುಟ್ಟ ಲೈಕಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತುತ್ತಿದ್ದ. ಕೊಲ್ಲೇರು ಸರೋವರದ ಅಟಪಾಕದಲ್ಲಿ ಹೆಜ್ಜಾರ್ಲೆಗಳ ಚಿತ್ರಕ್ಕೆ ಕಾಯುವವರು ಲೆನ್ಸಿಗೆ ಎಲೆಬಣ್ಣದ ಬಟ್ಟೆ ಹೊದಿಸುತ್ತಾರೆ. ಹಕ್ಕಿಗೆ ಅದು ಮರೆ, ಮನುಷ್ಯರಿಗೆ ಇನ್ನಷ್ಟು ಕುತೂಹಲ.

ವಿಜಯವಾಡದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೃಷ್ಣಾ ಪುಷ್ಕರ 2016ರ ಆಗಸ್ಟ್ 12ರಿಂದ 23ರವರೆಗೆ ನಡೆಯಿತು. ಮುಳುಗು ಹಾಕುವವರ ಕೈಯಲ್ಲೂ ಆ ಹೊತ್ತಿಗೆ ಮೊಬೈಲು ಬಂದಿತ್ತು, ಘಾಟಿನಲ್ಲಿ ಚಿತ್ರ ತೆಗೆಯುವುದು ಯಾರೊಬ್ಬರ ಕಸುಬಾಗಿಯೂ ಉಳಿದಿರಲಿಲ್ಲ. ಆದರೂ ಒದ್ದೆ ಸೀರೆಯ ಹೆಂಗಸರು ಮುಖ ತಿರುಗಿಸುವುದು ದೊಡ್ಡ ಲೆನ್ಸ್ ಕಂಡಾಗ. ಅದು ದೂರದಿಂದ ಹತ್ತಿರ ಎಳೆಯುತ್ತದೆ ಎಂಬುದು ಅವರಿಗೆ ಗೊತ್ತು, ಅವರ ಆಕ್ಷೇಪ ನ್ಯಾಯವಾದದ್ದು.

ಇಂದು ಎರಡೂ ಊರುಗಳಲ್ಲಿ ದೊಡ್ಡ ಕ್ಯಾಮೆರಾವನ್ನು ಹೆಚ್ಚಾಗಿ ಬೀದಿಗೆ ತರುವವರು ಮದುವೆಯ ಛಾಯಾಗ್ರಾಹಕರು. 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಮೇಲೆ ಸಂಜೆ ದೀಪ ಹೊತ್ತುವ ಹೊತ್ತಿಗೆ, ಋಷಿಕೊಂಡದ ಮರಳಿನಲ್ಲಿ ಬೆಳಗಿನ ಆರಕ್ಕೆ, ವಧೂವರರ ಸುತ್ತ ಲೈಟು, ಗಿಂಬಲ್, ಛತ್ರಿಗಳು ಏಳುತ್ತವೆ. ಯಾರೂ ಪೇಪರ್ ಯಾವುದೆಂದು ಕೇಳುವುದಿಲ್ಲ. ದಾರಿಹೋಕರು ಸ್ಕೂಟರು ನಿಧಾನಿಸಿ, ಹುಡುಗಿಯ ಸೀರೆಯ ಬಣ್ಣ ನೋಡಿ, ಚೌಕಟ್ಟಿಗೆ ಅಡ್ಡ ಬಾರದಂತೆ ತಾವೇ ಸುತ್ತು ಬಳಸಿ ಹೋಗುತ್ತಾರೆ.