ಎಪಿಥೀಲಿಯಾಯ್ಡ್ ಹಿಮ್ಯಾಂಜಿಯೋಮ: ಇತಿಹಾಸ

ಕಿವಿಯ ಸುತ್ತ, ಹಣೆ ಮತ್ತು ನೆತ್ತಿಯ ಚರ್ಮದಲ್ಲಿ ಏಳುವ, ಕ್ಯಾನ್ಸರ್ ಅಲ್ಲದ ಅಪರೂಪದ ರಕ್ತನಾಳದ ಗಂಟು. ಹೆಚ್ಚಾಗಿ 20ರಿಂದ 50 ವರ್ಷದವರಲ್ಲಿ ಕಾಣುತ್ತದೆ. ಕೆಂಪು ಇಲ್ಲವೆ ಕಂದು ಗುಳ್ಳೆಗಳು ತುರಿಸುತ್ತವೆ, ಕೆರೆದರೆ ರಕ್ತ ಒಸರುತ್ತದೆ; ಕೆಲವುಗಳ ಮೇಲೆ ಬೆರಳಿಟ್ಟರೆ ನಾಡಿ ಮಿಡಿಯುವುದು ತಿಳಿಯುತ್ತದೆ.

1969ರಲ್ಲಿ ಬ್ರಿಟನ್ನಿನ ವೆಲ್ಸ್ ಮತ್ತು ವಿಮ್‌ಸ್ಟರ್ ಇದನ್ನು 'ಇಯೊಸಿನೊಫಿಲಿಯಾ ಸಹಿತ ಆಂಜಿಯೊಲಿಂಫಾಯ್ಡ್ ಹೈಪರ್‌ಪ್ಲೇಸಿಯಾ' ಎಂದು ವಿವರಿಸಿದರು. ಅದೇ ವರ್ಷ ವಿಲ್ಸನ್ ಜೋನ್ಸ್ ಮತ್ತು ಬ್ಲೀಹೆನ್ ಇಂಥವೇ ಗಂಟುಗಳಿಗೆ ಬೇರೆ ಹೆಸರು ಕೊಟ್ಟರು. ಗೊಂದಲ ಬೆಳೆದದ್ದು ಮಾತ್ರ ವೆಲ್ಸ್ ಮತ್ತು ವಿಮ್‌ಸ್ಟರ್ ಎತ್ತಿದ ಇನ್ನೊಂದು ಮಾತಿನಿಂದ: ಜಪಾನಿನಲ್ಲಿ 1948ರಲ್ಲಿ ವರದಿಯಾಗಿದ್ದ ಕಿಮುರಾ ರೋಗ ಇದರದೇ ಮುಂದಿನ ಹಂತವಿರಬಹುದು ಎಂದರು. (ಕಿಮುರಾ ರೋಗದ ಚಿತ್ರಣ 1937ರಲ್ಲೇ ಚೀನಾದಿಂದ ಬಂದಿತ್ತು.) ಮುಂದೆ ಹಲವರು ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರು. ಆ ಕಾಲದ ರೋಗಿಗಳ ಸಂಖ್ಯೆಯನ್ನು ನಂಬಿ ಎಣಿಕೆ ಮಾಡುವುದು ಕಷ್ಟ.

ನಿಜವಾದ ತಿರುವು ಬಂದದ್ದು 1980ರ ದಶಕದಲ್ಲಿ, ಎರಡು ರೋಗಗಳ ಸ್ಲೈಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ. ಕಿಮುರಾ ರೋಗದಲ್ಲಿ ಗಂಟು ಆಳದಲ್ಲಿರುತ್ತದೆ, ದುಗ್ಧಗ್ರಂಥಿಗಳು ಊದುತ್ತವೆ, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳೂ ಐಜಿಇ ಎಂಬ ಪ್ರತಿಕಾಯವೂ ಏರುತ್ತವೆ, ಮೂತ್ರಪಿಂಡಕ್ಕೂ ತೊಂದರೆಯಾಗಬಹುದು. ಎಪಿಥೀಲಿಯಾಯ್ಡ್ ಹಿಮ್ಯಾಂಜಿಯೋಮದಲ್ಲಿ ಹಾಗಲ್ಲ. ರಕ್ತನಾಳದ ಒಳಪದರದ ಕೋಶಗಳೇ ದಪ್ಪಗಾಗಿ ನಾಳದೊಳಕ್ಕೆ ಉಬ್ಬಿ ನಿಲ್ಲುತ್ತವೆ. ಸುತ್ತ ಲಿಂಫೊಸೈಟ್‌ಗಳೂ ಕೆಂಪು ಕಣಗಳ ಇಯೊಸಿನೊಫಿಲ್‌ಗಳೂ ಮುತ್ತಿಕೊಂಡಿರುತ್ತವೆ. ರೋಗನಿರ್ಣಯ ನಿಂತಿರುವುದು ಆ ಉಬ್ಬಿದ ಕೋಶಗಳ ಮೇಲೆ. ಭಾರತದ ಚರ್ಮರೋಗ ಪತ್ರಿಕೆಗಳಲ್ಲಿ ಬಂದಿರುವವು ಬಹುಪಾಲು ಒಬ್ಬೊಬ್ಬ ರೋಗಿಯ ವರದಿಗಳು. ಅವನ್ನು ಓದುವಾಗ ಶೀರ್ಷಿಕೆಗಿಂತ ಬಯಾಪ್ಸಿ ವಿವರವನ್ನೇ ಮೊದಲು ನೋಡುವುದು ಒಳ್ಳೆಯದು.

ಇದು ಗೆಡ್ಡೆಯೋ, ಪೆಟ್ಟಾದ ರಕ್ತನಾಳದ ಪ್ರತಿಕ್ರಿಯೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. 1991ರಲ್ಲಿ ಫೆಚ್ ಮತ್ತು ವೈಸ್ ಗಂಟಿನ ಬುಡದಲ್ಲಿ ಹಾನಿಗೊಂಡ ದೊಡ್ಡ ನಾಳಗಳನ್ನು ತೋರಿಸಿ ಪ್ರತಿಕ್ರಿಯೆಯ ಪಕ್ಷಕ್ಕೆ ಬಲ ಕೊಟ್ಟರು. 2015ರಲ್ಲಿ ಎಫ್‌ಒಎಸ್ ಜೀನಿನ ಮರುಜೋಡಣೆ ಪತ್ತೆಯಾದಾಗ ತಕ್ಕಡಿ ಗೆಡ್ಡೆಯ ಕಡೆ ವಾಲಿತು. ಆದರೆ ಆ ಮರುಜೋಡಣೆ ಮೂಳೆಯಲ್ಲಿ ಏಳುವ ಇದೇ ಬಗೆಯ ಗಂಟುಗಳಲ್ಲೇ ಹೆಚ್ಚು, ಚರ್ಮದಲ್ಲಿ ವಿರಳ.

ಚಿಕಿತ್ಸೆಯ ಇತಿಹಾಸ ಚಿಕ್ಕದು. 908 ರೋಗಿಗಳ ಮಾಹಿತಿ ಒಟ್ಟುಮಾಡಿದ 2016ರ ಸಮೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಲೇಸರ್, ಸ್ಟೀರಾಯ್ಡ್ ಚುಚ್ಚುಮದ್ದುಗಳೂ ಬಳಕೆಯಲ್ಲಿವೆ. ಕತ್ತರಿಸಿ ತೆಗೆದ ಮೇಲೂ ಅನೇಕರಲ್ಲಿ ಗಂಟು ಮರಳುತ್ತದೆ.