ದೈತ್ಯರ ಸಂಗೀತ: ಸ್ವಂತದ್ದು, ಎರವಲಿನದು



ಕಳೆದ ಸಲ ನಮ್ಮೂರಿನ ಕೆರೆಯ ಕೋಡಿಯ ಬಗೆಗೆ ಬರೆದಾಗ, ಮುಂದಿನ ಬಾರಿ ಅದರ ಶಾಸನದ ವಿಚಾರ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಆ ಮಾತನ್ನು ಈಗ ಉಳಿಸಿಕೊಳ್ಳಲಾಗುತ್ತಿಲ್ಲ. ಕಾರಣ ನನ್ನ ಮೊಮ್ಮಗ.

ರಜೆಗೆ ಬಂದಿದ್ದ ಆ ಹುಡುಗನಿಗೆ ಹಳೆಯ ದೈತ್ಯ ಚಿತ್ರಗಳ ಹುಚ್ಚು. ರಾತ್ರಿ ಊಟವಾದ ಮೇಲೆ ಒಂದೊಂದನ್ನೇ ಹಾಕಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಒಂದು ರಾತ್ರಿ 1954ರ ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ ನೋಡಿದೆವು. ಅಮೆಜಾನ್ ಮಡುವಿನ ಮೀನುಮನುಷ್ಯನ ಕಥೆ. ಮರುರಾತ್ರಿ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲಾ’ ಚಿತ್ರದ 1963ರ ಅಮೆರಿಕನ್ ಆವೃತ್ತಿ. ಚಿತ್ರ ಅರ್ಧಕ್ಕೆ ಬಂದಿರಲಿಲ್ಲ, ಹುಡುಗ ಎದ್ದು ಕುಳಿತ. “ಅಜ್ಜಾ, ಇದು ನಿನ್ನೆಯ ಚಿತ್ರದ ಸಂಗೀತವೇ ಅಲ್ಲವಾ? ಇವರು ಕದ್ದಿದ್ದಾರಾ?”

ಕಿವಿಯಲ್ಲಿ ಅವನು ನನಗಿಂತ ಚುರುಕು. ಸಂಗೀತ ಅದೇ ಆಗಿತ್ತು. ‘ಕದ್ದಿದ್ದಾರಾ’ ಎಂಬ ಪ್ರಶ್ನೆಗೆ ಮಾತ್ರ ನಾನು ಥಟ್ಟನೆ ಉತ್ತರಿಸಲಿಲ್ಲ. ಆ ಪದವನ್ನು ನಾನೊಮ್ಮೆ ಒಬ್ಬ ವಿದ್ಯಾರ್ಥಿಯ ಮೇಲೆ ಬಳಸಿದ್ದೆ. ಆ ವಿಷಯವನ್ನು ಕೊನೆಗೆ ಹೇಳುತ್ತೇನೆ. ಮೊದಲು ಇತಿಹಾಸ.

ಮಾತಿನ ಚಿತ್ರಗಳು ಬಂದ ಹೊಸತರಲ್ಲಿ ಹಿನ್ನೆಲೆ ಸಂಗೀತವೆಂದರೆ ನಿರ್ಮಾಪಕರಿಗೆ ಒಂದು ವಿಚಿತ್ರ ಸಂಕೋಚವಿತ್ತು. ಕಾಡಿನ ನಡುವೆ ನಾಯಕ ನಡೆಯುತ್ತಿರುವಾಗ ಪಿಟೀಲು ಕೇಳಿಸಿದರೆ ‘ವಾದ್ಯದವರು ಎಲ್ಲಿ ಕುಳಿತಿದ್ದಾರೆ’ ಎಂದು ಪ್ರೇಕ್ಷಕರು ಕೇಳಿಯಾರೆಂಬ ಭಯ! ಯಕ್ಷಗಾನದಲ್ಲಿ ಭಾಗವತರನ್ನು ಎದುರಿಗೇ ಕೂರಿಸಿಕೊಂಡು ಬಣ್ಣದ ವೇಷಕ್ಕೆ ಬೆಚ್ಚಿದ ನಮಗೆ ಇದು ನಗು ತರಿಸುವ ಮಾತು. 1931ರಲ್ಲಿ ಯೂನಿವರ್ಸಲ್ ಸ್ಟುಡಿಯೊ ತೆಗೆದ ‘ಡ್ರಾಕುಲಾ’ದಲ್ಲಿ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಶೀರ್ಷಿಕೆಗಳ ಹಿಂದೆ ಚೈಕೋವ್‌ಸ್ಕಿಯವರ ‘ಸ್ವಾನ್ ಲೇಕ್’ ನೃತ್ಯನಾಟಕದ ಒಂದು ತುಣುಕು, ಸಂಗೀತಶಾಲೆಯ ದೃಶ್ಯದಲ್ಲಿ ವಾಗ್ನರ್ ಮತ್ತು ಶೂಬರ್ಟ್ ಅವರ ಚೂರುಗಳು. ಉಳಿದಂತೆ ಮೌನ, ತೋಳದ ಊಳು, ಬಾಗಿಲಿನ ಕಿರುಗುಟ್ಟುವಿಕೆ. ಅದೇ ‘ಸ್ವಾನ್ ಲೇಕ್’ ತುಣುಕನ್ನು 1932ರ ‘ದ ಮಮ್ಮಿ’ಗೂ ಅಂಟಿಸಿದರು. ಹಂಸವಾಗಿ ಮಾರ್ಪಟ್ಟ ರಾಜಕುಮಾರಿಗೆಂದು ರಷ್ಯಾದಲ್ಲಿ ಹುಟ್ಟಿದ ರಾಗ ಹೀಗೆ ರಕ್ತಪಿಶಾಚಿಗೂ ಈಜಿಪ್ಟಿನ ಹೆಣಕ್ಕೂ ಒದಗಿತು. ಚೈಕೋವ್‌ಸ್ಕಿ ತೀರಿಕೊಂಡು ಆಗಲೇ ನಾಲ್ಕು ದಶಕಗಳಾಗುತ್ತ ಬಂದಿತ್ತು, ಹಣ ಕೇಳುವವರಿರಲಿಲ್ಲ. (1998ರಲ್ಲಿ ಫಿಲಿಪ್ ಗ್ಲಾಸ್ ಎಂಬ ಅಮೆರಿಕದ ಸಂಗೀತಕಾರರು ‘ಡ್ರಾಕುಲಾ’ಕ್ಕೆ ಹೊಸದಾಗಿ ಸಂಗೀತ ಬರೆದರು. ನನಗೇನೋ ಹಳೆಯ ಮೌನವೇ ಹೆಚ್ಚು ಭಯಂಕರವೆನಿಸಿತು.)

ಈ ಸಂಕೋಚ ಮುರಿದದ್ದು 1933ರ ‘ಕಿಂಗ್ ಕಾಂಗ್’ನಲ್ಲಿ. ಆರ್‌ಕೆಓ ಸ್ಟುಡಿಯೊ ಆ ವರ್ಷದ ಜನವರಿಯಲ್ಲಷ್ಟೇ ಸಾಲಗಾರರ ಕಾಟಕ್ಕೆ ಸಿಕ್ಕಿ ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಟ್ಟಿತ್ತು. ಚಿತ್ರಕ್ಕೆ ಸುಮಾರು 6,70,000 ಡಾಲರ್ ಸುರಿದಾಗಿತ್ತು. ಇನ್ನು ಸಂಗೀತಕ್ಕೆ ಕಾಸಿಲ್ಲ, ಬೀರುವಿನಲ್ಲಿರುವ ಹಳೆಯ ತುಣುಕುಗಳನ್ನೇ ಜೋಡಿಸಿಬಿಡಿ ಎಂದು ಮೇಲಿನವರು ಸ್ಟುಡಿಯೊದ ಸಂಗೀತ ಮುಖ್ಯಸ್ಥರಾದ ಮ್ಯಾಕ್ಸ್ ಸ್ಟೈನರ್ ಅವರಿಗೆ ಹೇಳಿದರು. ಚಿತ್ರದ ನಿರ್ಮಾಪಕ ಮೆರಿಯನ್ ಕೂಪರ್ ಸ್ಟೈನರ್ ಅವರ ಬಳಿಗೆ ಹೋಗಿ, ನೀವು ಹೊಸದಾಗಿಯೇ ಬರೆಯಿರಿ, ಖರ್ಚು ನಾನು ಕೊಡುತ್ತೇನೆ ಎಂದರಂತೆ. ಖರ್ಚು 50,000 ಡಾಲರಿಗೆ ಮುಟ್ಟಿತೆಂದು ಸ್ಟೈನರ್ ಮುಂದೆ ಹೇಳಿಕೊಂಡಿದ್ದಾರೆ.

ಸ್ಟೈನರ್ ವಿಯೆನ್ನಾದಲ್ಲಿ 1888ರಲ್ಲಿ ಹುಟ್ಟಿದವರು. ಮೊದಲನೆಯ ಮಹಾಯುದ್ಧ ಆರಂಭವಾದಾಗ ಲಂಡನ್ನಿನಲ್ಲಿದ್ದು, ಶತ್ರುದೇಶದವರೆನಿಸಿಕೊಂಡು 1914ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದವರು. ಕಾಂಗ್‌ಗೆ ಅವರು ಕೊಟ್ಟದ್ದು ಮೇಲಿನಿಂದ ಕೆಳಗಿಳಿಯುವ ಮೂರೇ ಸ್ವರ. ಚಿತ್ರವನ್ನು ಮತ್ತೆ ನೋಡುವವರು ಒಂದು ಅಂಶವನ್ನು ಗಮನಿಸಬೇಕು. ಶೀರ್ಷಿಕೆ ಮುಗಿದ ಮೇಲೆ ನ್ಯೂಯಾರ್ಕಿನ ದೃಶ್ಯಗಳಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಹಡಗು ಮಂಜಿನೊಳಗೆ ಹೊಕ್ಕು ದ್ವೀಪವನ್ನು ಸಮೀಪಿಸಿದಾಗಲೇ ವಾದ್ಯಗಳು ಮೆಲ್ಲನೆ ಏಳುತ್ತವೆ. ಪಟ್ಟಣದಲ್ಲಿ ಸಂಗೀತ ಬೇಡ, ಕನಸಿನ ಗಡಿ ದಾಟಿದ ಮೇಲೆ ಸಂಗೀತ. ಗೊಂಬೆಯೊಂದು ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ಸಾಯುವಾಗ ನಮ್ಮ ಗಂಟಲು ಕಟ್ಟುವುದಾದರೆ ಅದರಲ್ಲಿ ಅರ್ಧಪಾಲು ಆ ಮೂರು ಸ್ವರಗಳದ್ದು.

ಹಾಗೆ ಹಟದಿಂದ ಬರೆಸಿದ ಸ್ವಂತ ಸಂಗೀತವೂ ಬಲುಬೇಗ ಬೀರು ಸೇರಿತು. ‘ದ ಲಾಸ್ಟ್ ಡೇಸ್ ಆಫ್ ಪಾಂಪೇ’ (1935), ‘ದ ಲಾಸ್ಟ್ ಆಫ್ ದ ಮೋಹಿಕನ್ಸ್’ (1936), ಎರಡನೆಯ ಮಹಾಯುದ್ಧದ ಕಥೆಯಾದ ‘ಬ್ಯಾಕ್ ಟು ಬಟಾನ್’ (1945), ಹೀಗೆ ಬೇರೆ ಬೇರೆ ಚಿತ್ರಗಳಲ್ಲಿ ಕಾಂಗ್‌ನ ಸಂಗೀತದ ತುಂಡುಗಳು ಕೇಳಿಬರುತ್ತವೆ. ರೋಮನರಿಗೂ ಸೈನಿಕರಿಗೂ ಮಹಾವಾನರನ ಪಡಿಯಚ್ಚು! ಕಾನೂನಿನ ಪ್ರಕಾರ ಇದು ಕಳ್ಳತನವಲ್ಲ. ಸಂಬಳಕ್ಕೆ ಬರೆದ ಸಂಗೀತ ಸ್ಟುಡಿಯೊದ ಸೊತ್ತು. ಕೆಲವೊಮ್ಮೆ ಹಳೆಯ ಧ್ವನಿಮುದ್ರಣವನ್ನೇ ಕತ್ತರಿಸಿ ಅಂಟಿಸುತ್ತಿದ್ದರು, ಕೆಲವೊಮ್ಮೆ ಹಳೆಯ ಸ್ವರಲಿಪಿಯನ್ನು ವಾದ್ಯವೃಂದದ ಮುಂದಿಟ್ಟು ಮತ್ತೆ ನುಡಿಸುತ್ತಿದ್ದರು.

ಈ ಎರವಲಿನ ದೊಡ್ಡ ಉಗ್ರಾಣ ಯೂನಿವರ್ಸಲ್. ಅಲ್ಲಿಗೆ 1935ರಲ್ಲಿ ಬಂದವರು ಫ್ರಾನ್ಸ್ ವ್ಯಾಕ್ಸ್‌ಮನ್. ಯೆಹೂದಿಯಾದ ಅವರನ್ನು 1934ರಲ್ಲಿ ಬರ್ಲಿನ್ನಿನ ಬೀದಿಯಲ್ಲಿ ನಾಜಿ ಪುಂಡರು ಹೊಡೆದು ಕೆಡವಿದ್ದರು. ಪ್ಯಾರಿಸ್ಸಿಗೆ ಓಡಿ, ಅಲ್ಲಿಂದ ಹಾಲಿವುಡ್ ಸೇರಿದ ಅವರಿಗೆ ನಿರ್ದೇಶಕ ಜೇಮ್ಸ್ ವೇಲ್ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಒಪ್ಪಿಸಿದರು. ವಧುವಿಗೆ ಮೂರು ಸ್ವರದ ಒಂದು ಮೊರೆ. ಆಕೆಗೆ ಜೀವ ತುಂಬುವ ದೃಶ್ಯದಲ್ಲಿ ಹೃದಯದ ಬಡಿತದಂತೆ ಎಡೆಬಿಡದ ನಗಾರಿ. ಎಲ್ಲರೂ ಅಟ್ಟಿಸಿಕೊಂಡು ಹೋಗುವ ಆ ಪ್ರಾಣಿಯ ಮೇಲೆ ಅಷ್ಟು ಕರುಣೆ ಸುರಿಯುವ ಸಂಗೀತವನ್ನು, ಒಂದೇ ವರ್ಷದ ಹಿಂದೆ ತಾನೇ ಬೀದಿಯಲ್ಲಿ ಪೆಟ್ಟು ತಿಂದ ಮನುಷ್ಯ ಬರೆದನೆಂಬುದನ್ನು ನಾನು ಮರೆಯಲಾರೆ. ಅದೇ ಸಂಗೀತ ಮೂರು ವರ್ಷಗಳಲ್ಲಿ ಶನಿವಾರದ ಮಕ್ಕಳ ಸರಣಿಯಾದ ‘ಫ್ಲ್ಯಾಶ್ ಗಾರ್ಡನ್’ನಲ್ಲಿ ಆಕಾಶನೌಕೆಗಳ ಹಿಂದೆ ಮೊಳಗುತ್ತಿತ್ತು.

1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ನ ಕಥೆ ಇನ್ನೂ ಸ್ವಾರಸ್ಯ. ಬಿಡುಗಡೆಯ ದಿನ ತಲೆಯ ಮೇಲಿತ್ತು. ಫ್ರಾಂಕ್ ಸ್ಕಿನ್ನರ್ ಒಂದು ದೃಶ್ಯಕ್ಕೆ ಸಂಗೀತ ಬರೆದು ಅಲ್ಲೇ ಒರಗಿ ನಿದ್ದೆ ಮಾಡುವರು. ಅಷ್ಟರಲ್ಲಿ ಹಾನ್ಸ್ ಸಾಲ್ಟರ್ ಅದನ್ನು ವಾದ್ಯಗಳಿಗೆ ಹಂಚಿ ಬರೆದು, ಅವರನ್ನು ಎಬ್ಬಿಸಿ ತಾವು ಮಲಗುವರು. ಸಾಲ್ಟರ್ ಕೂಡ ವಿಯೆನ್ನಾದವರೇ. 1937ರಲ್ಲಿ ಅಮೆರಿಕ ಸೇರಿದವರು. ಹಗಲಿರುಳು ಪಾಳಿಯಲ್ಲಿ ಹುಟ್ಟಿದ ಈ ಸಂಗೀತ ಅದೇ ವರ್ಷ ‘ಟವರ್ ಆಫ್ ಲಂಡನ್’ಗೂ, ಮರುವರ್ಷ ‘ದ ಮಮ್ಮೀಸ್ ಹ್ಯಾಂಡ್’ಗೂ ಸಂದಿತು. ಇಬ್ಬರೂ ಸೇರಿ 1941ರ ‘ದ ವುಲ್ಫ್ ಮ್ಯಾನ್’ಗೆ ಬರೆದದ್ದಕ್ಕೂ ಇದೇ ಗತಿ.

ಇನ್ನು ನಮ್ಮ ಮೀನುಮನುಷ್ಯ. ಅದರ ಸಂಗೀತವನ್ನು ಮೂವರು ಹಂಚಿಕೊಂಡು ಬರೆದರು: ಸಾಲ್ಟರ್, ಹರ್ಮನ್ ಸ್ಟೈನ್ (ಕಾಂಗ್‌ನ ಸ್ಟೈನರ್ ಬೇರೆ, ಇವರು ಬೇರೆ), ಮತ್ತು ಮುಂದೆ ‘ಪಿಂಕ್ ಪ್ಯಾಂಥರ್’ ಸಂಗೀತದಿಂದ ಲೋಕಪ್ರಸಿದ್ಧರಾದ ಹೆನ್ರಿ ಮ್ಯಾನ್ಸಿನಿ. ನಡುನಡುವೆ ಹಳೆಯ ಚಿತ್ರಗಳ ತುಣುಕುಗಳೂ ಇವೆ. ನೀರಿನಿಂದ ಪಂಜ ಮೇಲೆದ್ದಾಗಲೆಲ್ಲ ಕಹಳೆಗಳು ಚೀರುವ ಮೂರು ಸ್ವರ ಹರ್ಮನ್ ಸ್ಟೈನ್ ಅವರದು. ಆದರೆ ತೆರೆಯ ಮೇಲೆ ಈ ಮೂವರ ಹೆಸರೂ ಇಲ್ಲ. ಸಂಗೀತ ವಿಭಾಗದ ಮುಖ್ಯಸ್ಥ ಜೋಸೆಫ್ ಗರ್ಶೆನ್‌ಸನ್ ಅವರ ಹೆಸರೊಂದೇ. ಎಷ್ಟು ಮಕ್ಕಳು ಆ ಮೂರು ಸ್ವರ ಕೇಳಿ ಅಮ್ಮನ ಸೆರಗು ಹಿಡಿದಿದ್ದಾರೋ, ಬರೆದವನಾರೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಅದೇ 1954ರ ನವೆಂಬರ್ 3ರಂದು ಜಪಾನಿನಲ್ಲಿ ‘ಗೊಜಿರಾ’ ಬಿಡುಗಡೆಯಾಯಿತು. ಸಂಗೀತ ಅಕಿರಾ ಇಫುಕುಬೆ ಅವರದು. ಹೊಕ್ಕೈಡೊ ದ್ವೀಪದ ಈತ ಓದಿದ್ದು ಅರಣ್ಯಶಾಸ್ತ್ರ, ಸಂಗೀತ ರಚನೆ ಸ್ವಯಂ ಕಲಿತದ್ದು. ಯುದ್ಧಕಾಲದಲ್ಲಿ ಮರದ ಮೇಲಿನ ಪ್ರಯೋಗಗಳಲ್ಲಿ ಸರಿಯಾದ ರಕ್ಷಣೆಯಿಲ್ಲದೆ ಕ್ಷಕಿರಣಕ್ಕೆ ಮೈಯೊಡ್ಡಿ ಕಾಯಿಲೆ ಬಿದ್ದರು. ಅವರ ಅಣ್ಣ ಅಂತಹುದೇ ಯುದ್ಧಸಂಶೋಧನೆಯ ವಿಕಿರಣದಿಂದ 1942ರಲ್ಲಿ ತೀರಿಕೊಂಡಿದ್ದರು. ಅಣುಬಾಂಬಿನಿಂದ ಎಚ್ಚತ್ತ ಪ್ರಾಣಿಯ ಚಿತ್ರ ಅವರಿಗೆ ಬರಿಯ ತಮಾಷೆಯಾಗಿರಲಿಲ್ಲ. ಗಾಡ್ಜಿಲಾದ ಗರ್ಜನೆಯೂ ಸಂಗೀತದಿಂದಲೇ ಹುಟ್ಟಿದ್ದು: ಅಂಟು ಸವರಿದ ಚರ್ಮದ ಕೈಗವಸಿನಿಂದ ದೊಡ್ಡ ಮಂದ್ರ ಪಿಟೀಲಿನ ಸಡಿಲ ತಂತಿಯನ್ನು ಉಜ್ಜಿ, ಆ ಧ್ವನಿಮುದ್ರಣವನ್ನು ನಿಧಾನವಾಗಿ ಓಡಿಸಿದರು.

ಈ ‘ಸ್ವಂತ’ ಸಂಗೀತದಲ್ಲೂ ಎರವಲಿದೆಯಲ್ಲ! ಶೀರ್ಷಿಕೆಯ ಪ್ರಸಿದ್ಧ ರಾಗ 1948ರಲ್ಲಿ ಅವರೇ ಬರೆದ ಪಿಟೀಲು–ವಾದ್ಯವೃಂದ ಕೃತಿಯಲ್ಲಿ ಆಗಲೇ ಇಣುಕಿದೆ. ಯುದ್ಧನೌಕೆಗಳು ಹೊರಡುವಾಗಿನ ನಡೆ 1943ರಲ್ಲಿ ಜಪಾನಿನ ನೌಕಾಪಡೆಗೆಂದು ಅವರೇ ರಚಿಸಿದ್ದು. ಇನ್ನೊಂದು ಸ್ವಾರಸ್ಯ: ಇಂದು ಜಗತ್ತೇ ‘ಗಾಡ್ಜಿಲಾ ರಾಗ’ ಎನ್ನುವುದು ಮೂಲದಲ್ಲಿ ಗಾಡ್ಜಿಲಾದ ವಿರುದ್ಧ ಹೊರಟ ಮನುಷ್ಯರ ರಾಗ. ಅದನ್ನು ಗಾಡ್ಜಿಲಾಕ್ಕೇ ಒಪ್ಪಿಸಿದ್ದು 1975ರ ಚಿತ್ರವೊಂದರಲ್ಲಿ, ಅದೂ ಇಫುಕುಬೆ ಅವರೇ. ತನ್ನ ಮನೆಯ ತೊಲೆಯನ್ನು ತಾನೇ ಬಿಚ್ಚಿ ಇನ್ನೊಂದು ಕೋಣೆಗೆ ಹಾಕಿಕೊಂಡಂತೆ.

1956ರಲ್ಲಿ ಅಮೆರಿಕದವರು ‘ಗೊಜಿರಾ’ವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟರನ್ನು ಸೇರಿಸಿ ತೋರಿಸಿದಾಗಲೂ ಇಫುಕುಬೆ ಸಂಗೀತದ ಬಹುಪಾಲನ್ನು ಉಳಿಸಿಕೊಂಡರು. ಮುಂದಿನ ಚಿತ್ರಕ್ಕೆ ಆ ಭಾಗ್ಯವಿರಲಿಲ್ಲ; 1959ರಲ್ಲಿ ‘ಜೈಗ್ಯಾಂಟಿಸ್’ ಎಂದು ಹೆಸರನ್ನೇ ಬದಲಿಸಿ, ಸಂಗೀತಕಾರ ಮಸಾರು ಸಾಟೊ ಅವರ ಕೆಲಸದ ಜಾಗದಲ್ಲಿ ಅಮೆರಿಕದ ಹಳೆಯ ತುಣುಕುಗಳನ್ನು ತುಂಬಿದರು. ಆಮೇಲೆ ಬಂದದ್ದು 1962ರ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲಾ’. ಮರುವರ್ಷ ಯೂನಿವರ್ಸಲ್ ಅದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ದ್ವೀಪವಾಸಿಗಳ ಹಾಡಿನಂತಹ ಅಲ್ಪಸ್ವಲ್ಪ ಬಿಟ್ಟು ಇಫುಕುಬೆ ಅವರ ಸಂಗೀತವನ್ನೆಲ್ಲ ತೆಗೆದುಹಾಕಿತು. ಆ ಜಾಗಕ್ಕೆ ಉಗ್ರಾಣದಿಂದ ಬಂದವು ಮೀನುಮನುಷ್ಯನ ಸ್ವರಗಳು, 1943ರ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದ ವುಲ್ಫ್ ಮ್ಯಾನ್’ನ ತುಣುಕುಗಳು, ಕೌಬಾಯ್ ಚಿತ್ರಗಳ ಚೂರುಗಳು ಕೂಡ. ಯಾವ ಕಾಂಗ್‌ಗಾಗಿ ಕೂಪರ್ 1933ರಲ್ಲಿ ಎರವಲು ಬೇಡವೆಂದು ಹಟ ಹಿಡಿದಿದ್ದರೋ ಅದೇ ಕಾಂಗ್ ಮೂವತ್ತು ವರ್ಷಗಳ ಮೇಲೆ ಪಕ್ಕದ ಮಡುವಿನ ಪ್ರಾಣಿಯ ಅಂಗಿ ತೊಟ್ಟು ಬಂದ.

ಮೊಮ್ಮಗ ಬಿಡಲಿಲ್ಲ. 2019ರ ಡಿಸ್ಕ್ ಸಂಗ್ರಹದಲ್ಲಿ ಜಪಾನೀ ಮೂಲವಿದೆಯೆಂದು ಅದನ್ನೂ ತೋರಿಸಿದ. ಮೂಲದ ಆರಂಭದಲ್ಲೇ ಏಳುವ ಮೇಳದ ಗಾಯನ ಎಷ್ಟು ಭವ್ಯವಾಗಿದೆಯೆಂದರೆ, ಅದನ್ನು ಎಸೆದವರ ಕಿವಿಯ ಬಗೆಗೆ ನನಗೆ ಸಿಟ್ಟೇ ಬಂತು. ಇಫುಕುಬೆ ತಮ್ಮದನ್ನು ತಾವೇ ಮತ್ತೆ ಬಳಸಿದ್ದು ಒಂದು ರೀತಿ; ಬದುಕಿರುವ ಒಬ್ಬನ ದನಿಯನ್ನು ಅಳಿಸಿ ಅಲ್ಲಿ ಹೆಸರಿಲ್ಲದ ಇನ್ನೊಬ್ಬನ ದನಿ ತುಂಬುವುದು ಬೇರೆಯೇ ರೀತಿ. ಅಲ್ಲಿ ಅನ್ಯಾಯ ಇಬ್ಬರಿಗೂ ಆಯಿತು.

ಹೆಸರಿಲ್ಲದವರ ಹೆಸರುಗಳು ಹೊರಬಂದದ್ದು ತೀರ ಈಚೆಗೆ. ಡೇವಿಡ್ ಶೆಕ್ಟರ್ ಮತ್ತು ಅವರ ಪತ್ನಿ ಕ್ಯಾಥ್ಲೀನ್ ಮೇಯ್ನ್ 1996ರಿಂದ ಹಳೆಯ ಸ್ವರಲಿಪಿಗಳನ್ನು ಹುಡುಕಿ, ಯಾವ ತುಣುಕು ಯಾರದೆಂದು ಗುರುತಿಸಿ, ವಾದ್ಯವೃಂದದಿಂದ ಹೊಸದಾಗಿ ನುಡಿಸಿ ಪ್ರಕಟಿಸಿದರು. ಕಾಂಗ್‌ನ ಸಂಗೀತವನ್ನು ಜಾನ್ ಮಾರ್ಗನ್ ಪುನಾರಚಿಸಿ ಮಾಸ್ಕೋದಲ್ಲಿ ನುಡಿಸಿದ್ದೂ ಆ ದಶಕದಲ್ಲೇ. ಸಾಲ್ಟರ್ 1994ರಲ್ಲಿ ತೀರಿಕೊಂಡರು. ಹರ್ಮನ್ ಸ್ಟೈನ್ 2007ರವರೆಗೆ ಬದುಕಿದ್ದರು.

ಇನ್ನು ನನ್ನ ವಿಷಯ. ಎಂಬತ್ತರ ದಶಕದ ಒಂದು ವಾರ್ಷಿಕೋತ್ಸವದಲ್ಲಿ ಹತ್ತನೆಯ ತರಗತಿಯವರು ‘ಬಕಾಸುರ ವಧೆ’ ಆಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಕ ಬರುವಾಗ ಇಡೀ ಸಭೆ ಬೆಚ್ಚಿತ್ತು. ಅದಕ್ಕೆ ಕಾರಣ ಒಬ್ಬ ಹುಡುಗ ಟೇಪ್ ರೆಕಾರ್ಡರಿನಿಂದ ಹಾಕಿದ ಸಂಗೀತ. ಎಲ್ಲೆಲ್ಲಿಂದಲೋ ಆರಿಸಿ ಜೋಡಿಸಿದ್ದು. ತೀರ್ಪುಗಾರನಾಗಿದ್ದ ನಾನು, ಇದು ಕದ್ದ ಸಂಗೀತ, ಸ್ವಂತದ್ದಲ್ಲ ಎಂದು ಎಲ್ಲರೆದುರು ಹೇಳಿ ಬಹುಮಾನ ತಪ್ಪಿಸಿದೆ. ಕ್ಯಾಸೆಟ್ಟನ್ನೂ ಕಿತ್ತುಕೊಂಡೆ. ಹುಡುಗ ಏನೋ ಹೇಳಲು ಬಾಯಿ ತೆರೆದ, ನಾನು ಕೂರಿಸಿದೆ. ಆ ಮೇಲೆ ಅವನು ನಾಟಕದ ಕಡೆ ಸುಳಿಯಲಿಲ್ಲ.

ಮೊಮ್ಮಗ ಊರಿಗೆ ಹೊರಟ ಮರುದಿನ ಅಟ್ಟದ ಪೆಟ್ಟಿಗೆ ತೆಗೆಸಿದೆ. ಕ್ಯಾಸೆಟ್ ಇದೆ. ಅದರ ಡಬ್ಬಿಯೊಳಗಿನ ಕಾಗದವನ್ನು ನಾನು ಅಂದು ಬಿಡಿಸಿ ನೋಡಿರಲೇ ಇಲ್ಲ. ಒಳಬದಿಯಲ್ಲಿ ಪೆನ್ಸಿಲಿನಲ್ಲಿ, ದುಂಡನೆಯ ಅಕ್ಷರದಲ್ಲಿ, ಯಾವ ತುಣುಕು ಯಾವ ಚಿತ್ರದ್ದು, ಯಾರ ಸಂಗೀತ ಎಂದು ಒಂದೊಂದಾಗಿ ಬರೆದಿದ್ದಾನೆ. ತಿಳಿಯದ ಎರಡು ಕಡೆ ಪ್ರಶ್ನೆಚಿಹ್ನೆ ಹಾಕಿದ್ದಾನೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಜೊತೆಯವರು ಇದನ್ನು ಓದಿದರೆ ತಿಳಿಸಿ. ಟೇಪಿಗೆ ಬೂಷ್ಟು ಹಿಡಿದಿದೆ, ನುಡಿಯುವುದು ಅನುಮಾನ. ಆದರೆ ಆ ಕಾಗದ ಚೆನ್ನಾಗಿದೆ. ಅವನ ಕೈಗೇ ಕೊಡಬೇಕೆಂದಿದ್ದೇನೆ.